ಉ: ಕಡಲ ಪಕ್ಕದ ದರೆ (ಕಡಿದಾದ ಕಲ್ಲು-ಮಣ್ಣಿನ ಗೋಡೆ) ಅಂಚಿಗೆ ಸಮಾನಾಂತರವಾಗಿ ಬಿರುಕು ಬಂದಿದೆ, ಅಲ್ಲಿ ನಿಂತು ಫೋಟೋ ತೆಗೀಬಹುದಾ?

ಬೇಸಿಗೆಗೆ ಮಣ್ಣು ಒಣಗಿ ಬಿಟ್ಟ ಬಿರುಕು ಅಲ್ಲ ಅನ್ಸತ್ತೆ ಅದು. ಒಣಗಿದ್ದಾದ್ರೆ ಜಾಲದ ಥರ ಅಡ್ಡಾದಿಡ್ಡಿ ಇರತ್ತೆ, ನಿಮ್ದು ಅಂಚಿಂದ ಎರಡು ಮೀಟರ್ ಒಳಗೆ ಅಂಚಿನ ಜೊತೆಗೇ ಉದ್ದಕ್ಕೆ ಹೋಗಿದೆ ಅಂದ್ರಲ್ಲ, ಅಂದ್ರೆ ಕೆಳಗಡೆ ಅಲೆ ಬುಡ ಕೊರೆದು ಮೇಲಿನ ಭಾಗ ಆಸರೆ ಇಲ್ದೆ ಕಡಲ ಕಡೆ ವಾಲ್ತಿರಬಹುದು.

ಮೊದಲು ಬಿರುಕಿನ ಆಚೆ ಹೋಗೋದು ನಿಲ್ಸಿ, ಅಳತೆ ತಗೊಳ್ಳೋಕೂ ಬೇಡ. ಆಮೇಲೆ ನೀರಿಳಿತ ಇದ್ದಾಗ ಪಕ್ಕದಿಂದ, ದೂರ ನಿಂತು ಝೂಮ್ ಹಾಕಿ ಬುಡ ನೋಡಿ. ಬಾಯಿ ತೆರೆದ ಹಾಗೆ ಒಳಕ್ಕೆ ಕೊರೆದಿದ್ರೆ ಅನುಮಾನ ನಿಜ ಅಂತ. ಗೋಡೆ ಮೇಲೆ ಸುತ್ತಲಿನ ಮಾಸಲು ಬಣ್ಣಕ್ಕಿಂತ ತಿಳಿ ಬಣ್ಣದ ತೇಪೆ ಕಂಡ್ರೆ ಅಲ್ಲಿಂದ ಇತ್ತೀಚೆಗೆ ಕಲ್ಲು ಉದುರಿದೆ. ನಡು ಎತ್ತರದಲ್ಲಿ ಒದ್ದೆ ಗೆರೆ, ಅದರ ಕೆಳಗೆ ಪಾಚಿ ಇದ್ಯಾ ಅಂತಾನೂ ನೋಡಿ, ಮರಳುಗಲ್ಲಲ್ಲಿ ಇಳಿದ ನೀರು ಜೇಡಿಪದರ ಸಿಕ್ಕಿ ಅಲ್ಲೇ ಹೊರಗೆ ಬರ್ತಿರತ್ತೆ, ಜಾರೋದೂ ಸಾಮಾನ್ಯವಾಗಿ ಅದೇ ಪದರದ ಮೇಲೆ.

ಯಾವಾಗ ಬೀಳತ್ತೆ ಅಂತ ಫೋಟೋ ನೋಡಿ ಯಾರೂ ಹೇಳಕ್ಕಾಗಲ್ಲ, ವರ್ಷಗಟ್ಟಲೆ ನಿಲ್ಲಬಹುದು, ನಾಳೇನೇ ಹೋಗಬಹುದು. ಜೋರು ಮಳೆ ಆದ ಮೇಲೆ ಅಪಾಯ ಜಾಸ್ತಿ, ಬಿರುಕಲ್ಲಿ ತುಂಬಿದ ನೀರು ಬಂಡೆನ ಹೊರಗೆ ತಳ್ಳತ್ತೆ. ಮಳೆ ನಿಂತು ಬಿಸಿಲು ಬಂದ ದಿನವೂ ಬೀಳತ್ತೆ, ಅದನ್ನೇ ಜನ ಮರೀತಾರೆ.

ಟ್ರೈಪಾಡ್ ಬಿರುಕಿಂದ ಐದಾರು ಮೀಟರ್ ಆದ್ರೂ ಈಚೆಗಿಡಿ, ಕೆಳಗೆ ಮರಳಲ್ಲಿ ನಡೆಯೋದಾದ್ರೆ ದರೆ ಎಷ್ಟು ಎತ್ತರಾನೋ ಅದರ ಬುಡದಿಂದ ಕನಿಷ್ಠ ಅಷ್ಟು ದೂರ ಇರಿ. ಬಿರುಕು ಅಗಲ ಆಗ್ತಿದ್ಯಾ ಅಂತ ಗೊತ್ತಾಗ್ಬೇಕಂದ್ರೆ ಈಚೆ ಕಡೆ ಒಂದು ಗೂಟ ಹೊಡೆದು ಅದೇ ಜಾಗದಿಂದ ವಾರಕ್ಕೊಂದು ಫೋಟೋ ತೆಗೀರಿ. ಆಚೆ ಭಾಗ ಒಂದು ಬೆರಳಷ್ಟು ಕೆಳಗೆ ಕೂತಿರೋ ಹಾಗೆ ಕಂಡ್ರೂ ಆ ಜಾಗ ಬಿಟ್ಟು ಸ್ಥಳೀಯ ಆಡಳಿತಕ್ಕೆ ಫೋಟೋ ಸಮೇತ ತಿಳಿಸಿ.