ಪುಸ್ತಕ ಪ್ರಶ್ನೋತ್ತರ: ದುಡ್ಡು ಕಟ್ಟಿಸಿಕೊಂಡು ‘ಆಯ್ಕೆ’ ಮಾಡುವವರು

ಪ್ರಶ್ನೆ: ನನ್ನ ಕಥಾಸಂಕಲನದ ಹಸ್ತಪ್ರತಿಯನ್ನು ಆನ್‌ಲೈನ್ ಪ್ರಕಾಶನವೊಂದಕ್ಕೆ ಕಳಿಸಿದ್ದೆ. ಎರಡೇ ದಿನಕ್ಕೆ ‘ಅಭಿನಂದನೆಗಳು, ನಿಮ್ಮ ಕೃತಿ ಆಯ್ಕೆಯಾಗಿದೆ’ ಎಂದು ಉತ್ತರ ಬಂತು. 160 ಪುಟ, ಮುಖಬೆಲೆ ₹200, ನೂರಕ್ಕೆ ನೂರು ರಾಯಲ್ಟಿ (ಮಾರಾಟದಲ್ಲಿ ಲೇಖಕರ ಪಾಲು), ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ), ಅಂಗಡಿಗಳಿಗೆ ವಿತರಣೆ, ನನಗೆ 50 ಪ್ರತಿ. ಇದಕ್ಕೆ ₹45,000 ಕಟ್ಟಬೇಕಂತೆ, ಅದೂ ಈ ವಾರದೊಳಗೆ. ಕಟ್ಟಲೇ?
– ಕತೆಗಾರ್ತಿ, ಶಿರಸಿ

ಉತ್ತರ: ಕಟ್ಟಬೇಡಿ. ಯಾವ ಕತೆ ಹಿಡಿಸಿತು, ಯಾವುದನ್ನು ತಿದ್ದಬೇಕು ಎಂಬ ಒಂದು ಸಾಲೂ ಆ ಪತ್ರದಲ್ಲಿ ಇಲ್ಲದಿದ್ದರೆ ನಿಮ್ಮ ಕತೆಗಳನ್ನು ಅಲ್ಲಿ ಯಾರೂ ಓದಿಲ್ಲ ಎಂದೇ ತಿಳಿಯಿರಿ. ಪ್ರಕಾಶಕರು ತಮ್ಮ ದುಡ್ಡು ಹಾಕಿದಾಗ ಅದು ಓದುಗರಿಂದಲೇ ವಾಪಸು ಬರಬೇಕು, ಹಾಗಾಗಿ ಪುಸ್ತಕ ಮಾರಲು ಒದ್ದಾಡುತ್ತಾರೆ. ಇಲ್ಲಿ ನೀವು ಹಣ ಕಟ್ಟಿದ ದಿನವೇ ಅವರ ಲಾಭ ಅವರ ಕೈಸೇರಿರುತ್ತದೆ. ಆಮೇಲೆ ಒಂದು ಪ್ರತಿಯೂ ಹೋಗದಿದ್ದರೆ ಅವರಿಗೇನೂ ನಷ್ಟವಿಲ್ಲ.

‘ನೂರಕ್ಕೆ ನೂರು ರಾಯಲ್ಟಿ’ಯ ಲೆಕ್ಕ ಹಾಕಿ ನೋಡಿ. ಅದು ಮುಖಬೆಲೆಯ ಮೇಲಲ್ಲ, ಖರ್ಚೆಲ್ಲ ಕಳೆದು ಉಳಿದದ್ದರ ಮೇಲೆ. ₹200ರಲ್ಲಿ ಮಾರಾಟಗಾರರ ಕಮಿಷನ್ ಅರ್ಧ ಎಂದರೆ ₹100 ಹೋಯಿತು. ಒಂದೊಂದೇ ಪ್ರತಿ ಅಚ್ಚು ಹಾಕುವ ವಿಧಾನದಲ್ಲಿ ಮುದ್ರಣಕ್ಕೆ ₹75, ನಿರ್ವಹಣೆಗೆ ₹15 ಎಂದು ಹಿಡಿದರೆ ನಿಮಗೆ ಉಳಿಯುವುದು ₹10. ನಿಮ್ಮ 50 ಪ್ರತಿಗಳನ್ನು ಪೂರ್ತಿ ಬೆಲೆಗೆ ಮಾರಿ ₹10,000 ಬಂತು ಎನ್ನೋಣ. ಉಳಿದ ₹35,000 ಹುಟ್ಟಲು ಇನ್ನೂ 3,500 ಪ್ರತಿ ಮಾರಬೇಕು. ಕನ್ನಡದಲ್ಲಿ ಹೊಸಬರ ಕಥಾಸಂಕಲನದ ಮೊದಲ ಮುದ್ರಣವೇ ಸಾಮಾನ್ಯವಾಗಿ 500ರಿಂದ 1,000 ಪ್ರತಿ. ಮುಖಬೆಲೆಯ ಮೇಲೆ ಶೇ. 10 ರಾಯಲ್ಟಿ ಕೊಡುವ ಪ್ರಕಾಶಕರಾದರೆ ನೀವು ಬಿಡಿಗಾಸು ಹಾಕದೆ ಪ್ರತಿಗೆ ₹20 ಬರುತ್ತದೆ.

ಐಎಸ್‌ಬಿಎನ್ ಅವರು ಕೊಡುವ ಉಡುಗೊರೆಯಲ್ಲ. ಕೇಂದ್ರ ಸರ್ಕಾರದ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಅದನ್ನು ಉಚಿತವಾಗಿ ಕೊಡುತ್ತದೆ, ಲೇಖಕರೂ ನೇರವಾಗಿ ಅರ್ಜಿ ಹಾಕಬಹುದು. ಇಂಥ ಪ್ರಕಾಶನದವರು ತೋರಿಸುವ ‘ಬೆಸ್ಟ್ ಸೆಲ್ಲರ್’ ಪಟ್ಟಿಯನ್ನೂ ನಂಬಬೇಡಿ. ಆನ್‌ಲೈನ್ ಅಂಗಡಿಯ ಯಾವುದೋ ಸಣ್ಣ ವಿಭಾಗದಲ್ಲಿ ಒಂದೇ ದಿನ ಹತ್ತಿಪ್ಪತ್ತು ಪ್ರತಿ ಹೋದರೂ ಆ ಪಟ್ಟ ಸಿಕ್ಕಿಬಿಡುತ್ತದೆ.

ಆ ಪ್ರಕಾಶನದ ಯಾವುದಾದರೂ ಐದು ಪುಸ್ತಕಗಳ ಹೆಸರು ಬರೆದುಕೊಂಡು ಸಪ್ನಾ, ನವಕರ್ನಾಟಕ, ಅಂಕಿತದಂಥ ಮಳಿಗೆಗಳಿಗೆ ಫೋನ್ ಮಾಡಿ, ಇವೆಯೇ ಎಂದು ಕೇಳಿ. ‘ವಿತರಣೆ’ ಎಂದು ಅವರು ಹೇಳಿದ್ದರ ಹುರುಳು ಅಲ್ಲೇ ತಿಳಿಯುತ್ತದೆ.

ನಿಮ್ಮ ವಯಸ್ಸು 18ರಿಂದ 35ರೊಳಗಿದ್ದು ಇದು ಮೊದಲ ಪುಸ್ತಕವಾದರೆ, ಕನ್ನಡ ಪುಸ್ತಕ ಪ್ರಾಧಿಕಾರದ ಯುವ ಬರಹಗಾರರ ಚೊಚ್ಚಲ ಕೃತಿ ಪ್ರೋತ್ಸಾಹಧನಕ್ಕೆ ಅರ್ಜಿ ಕರೆಯುವುದನ್ನು ಕಾಯಿರಿ. ಒಂದು ವರ್ಷ ತಡವಾದರೂ ಚಿಂತೆಯಿಲ್ಲ.

ಪ್ರಶ್ನೆ: ಸ್ವಂತ ಹಣ ಹಾಕಿ ಪುಸ್ತಕ ತರುವುದೇ ತಪ್ಪೇ?
– ಶಿಕ್ಷಕ, ಗದಗ

ಉತ್ತರ: ಖಂಡಿತ ಅಲ್ಲ. ಗಳಗನಾಥರು ತಮ್ಮ ಕಾದಂಬರಿಗಳನ್ನು ಹೊತ್ತುಕೊಂಡು ಊರೂರು ತಿರುಗಿ ಮಾರಿದವರು. ಶಿವರಾಮ ಕಾರಂತರು ತಾವೇ ಪ್ರಕಾಶಕರೂ ಆಗಿದ್ದರು. ಹಣ ನಿಮ್ಮದಾದಾಗ ಹಕ್ಕು, ಪ್ರತಿಗಳು, ಲೆಕ್ಕ ಮೂರೂ ನಿಮ್ಮ ಹತ್ತಿರವೇ ಇರಬೇಕು. ಹಣ ಮಾತ್ರ ನಿಮ್ಮದಾಗಿ ಉಳಿದದ್ದೆಲ್ಲ ಅವರದಾದರೆ ಅಲ್ಲಿಗೆ ಮೋಸ ಶುರುವಾಯಿತು.

ಕನಿಷ್ಠ ಮೂರು ಮುದ್ರಣಾಲಯಗಳಿಂದ ದರಪಟ್ಟಿ ತರಿಸಿ. ಎಲ್ಲರಿಗೂ ಒಂದೇ ವಿವರ ಕೊಡಿ: ಡೆಮಿ 1/8 (ಪುಸ್ತಕದ ಅಳತೆ), 160 ಪುಟ, ಒಳಪುಟಕ್ಕೆ 70 ಜಿಎಸ್‌ಎಂ (ಕಾಗದದ ತೂಕದ ಅಳತೆ) ಮ್ಯಾಪ್‌ಲಿಥೊ ಕಾಗದ, ರಕ್ಷಾಪುಟಕ್ಕೆ 300 ಜಿಎಸ್‌ಎಂ ಆರ್ಟ್ ಬೋರ್ಡ್ ಮತ್ತು ಲ್ಯಾಮಿನೇಷನ್, ಪರ್ಫೆಕ್ಟ್ ಬೈಂಡಿಂಗ್, 500 ಪ್ರತಿ. 16 ಪುಟಕ್ಕೊಂದು ಫಾರಂ (ಒಟ್ಟಿಗೆ ಅಚ್ಚಾಗುವ ಪುಟಗಳ ಗುಂಪು), ಹಾಗಾಗಿ 160 ಪುಟ ಸರಿಯಾಗಿ ಹತ್ತು ಫಾರಂ ಆಗುತ್ತದೆ. 163 ಪುಟವಾದರೆ ಮೂರು ಪುಟಕ್ಕಾಗಿ ಹನ್ನೊಂದನೇ ಫಾರಂ ತೆರೆಯಬೇಕು. ಅದನ್ನು ಪುಟ ಕಟ್ಟುವಾಗಲೇ ಸರಿದೂಗಿಸಿ. ಇನ್ನೊಂದು ಎಚ್ಚರಿಕೆ: ನೀವು ಯೂನಿಕೋಡ್‌ನಲ್ಲಿ ಟೈಪಿಸಿ ಕೊಟ್ಟದ್ದನ್ನು ಡಿಟಿಪಿಯವರು ಹಳೆಯ ‘ನುಡಿ’ ಫಾಂಟಿಗೆ ಬದಲಿಸುವಾಗ ಅರ್ಕಾವತ್ತು, ಒತ್ತಕ್ಷರ, ಉದ್ಧರಣ ಚಿಹ್ನೆಗಳು ಕೆಡುತ್ತವೆ. ಕರಡನ್ನು ಕಾಗದದ ಮೇಲೆ ತೆಗೆಸಿ ಎರಡು ಸಲ ನೋಡಿ, ಒಂದು ಸಲ ಬೇರೆಯವರಿಂದ ಓದಿಸಿ. ಮುಂಗಡ, ಕರಡು ಒಪ್ಪಿದ ಮೇಲೆ ಒಂದು ಕಂತು, ಪ್ರತಿಗಳು ಕೈಗೆ ಬಂದ ಮೇಲೆ ಬಾಕಿ, ಹೀಗೆ ಹಣ ಕೊಡಿ. ಮರುಮುದ್ರಣಕ್ಕೆ ಬೇಕಾಗುವುದರಿಂದ ಪುಟವಿನ್ಯಾಸದ ಮೂಲ ಫೈಲನ್ನೂ ಕೇಳಿ ಪಡೆಯಿರಿ, ಪಿಡಿಎಫ್ ಒಂದೇ ಸಾಲದು.

ಪ್ರಶ್ನೆ: ‘ನೂರು ಕವಿಗಳ ಸಂಕಲನ’ಕ್ಕೆ ₹600 ಕಟ್ಟಿದರೆ ಒಂದು ಕವಿತೆ, ಪ್ರಮಾಣಪತ್ರ, ಒಂದು ಪ್ರತಿ ಕೊಡುತ್ತಾರಂತೆ. ಸಣ್ಣ ಮೊತ್ತವಲ್ಲವೇ?
– ವಿದ್ಯಾರ್ಥಿ, ಹಾಸನ

ಉತ್ತರ: ನಿಮಗೆ ಸಣ್ಣದು, ಅವರಿಗೆ ನೂರು ಜನರಿಂದ ₹60,000. ಆ ಪುಸ್ತಕ ಕೊಳ್ಳುವವರೂ ಆ ನೂರು ಜನ, ಅವರ ಮನೆಯವರು. ಇದಕ್ಕಿಂತ ದೊಡ್ಡ ನಷ್ಟ ಬೇರೆ ಇದೆ. ದೀಪಾವಳಿ ವಿಶೇಷಾಂಕಗಳ ಸ್ಪರ್ಧೆಗಳು ಅಪ್ರಕಟಿತ ರಚನೆಯನ್ನೇ ಕೇಳುತ್ತವೆ. ಇಲ್ಲಿ ಅಚ್ಚಾದ ಕವಿತೆ ಅಲ್ಲಿಗೆ ಸಲ್ಲದು. ಪ್ರವೇಶ ಶುಲ್ಕ ಕೇಳುವ ‘ಸಾಹಿತ್ಯ ರತ್ನ’ದಂಥ ಪ್ರಶಸ್ತಿಗಳಿಂದಲೂ, ಹಣಕ್ಕೆ ‘ಗೌರವ ಡಾಕ್ಟರೇಟ್’ ಕೊಡುವ ಸಂಸ್ಥೆಗಳಿಂದಲೂ ದೂರವಿರಿ. ನಕಲಿ ವಿಶ್ವವಿದ್ಯಾಲಯಗಳ ಪಟ್ಟಿ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಜಾಲತಾಣದಲ್ಲಿದೆ.

ಪ್ರಶ್ನೆ: ಹಣ ಕಟ್ಟಿ, ಒಪ್ಪಂದಕ್ಕೆ ಸಹಿಯೂ ಹಾಕಿ ಹದಿನಾಲ್ಕು ತಿಂಗಳಾಯಿತು. ಪುಸ್ತಕವಿಲ್ಲ, ಫೋನ್ ಎತ್ತುತ್ತಿಲ್ಲ.
– ನಿವೃತ್ತ ನೌಕರ, ತುಮಕೂರು

ಉತ್ತರ: ಒಪ್ಪಂದವನ್ನು ತೆಗೆದು ಹಕ್ಕಿನ ಷರತ್ತನ್ನು ಓದಿ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ ಹಕ್ಕು ವರ್ಗಾವಣೆ ಬರಹದಲ್ಲೇ ಇರಬೇಕು. ಅವಧಿ ನಮೂದಿಸದಿದ್ದರೆ ಅದು ಐದು ವರ್ಷಕ್ಕೆ ಮಾತ್ರ. ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ, ಒಪ್ಪಂದದಲ್ಲಿ ಬೇರೆ ರೀತಿ ಬರೆದಿಲ್ಲದ ಪಕ್ಷದಲ್ಲಿ, ಆ ವರ್ಗಾವಣೆ ತಾನೇ ಬಿದ್ದುಹೋಗುತ್ತದೆ. ನಿಮ್ಮದು ಹದಿನಾಲ್ಕು ತಿಂಗಳಾದ್ದರಿಂದ ಈ ಅಂಶ ನಿಮ್ಮ ಪರವಾಗಿರಬಹುದು.

ಹಣಕ್ಕಾಗಿ ಮೊದಲು ರಸೀದಿ, ಬ್ಯಾಂಕ್ ವಿವರ, ವಾಟ್ಸಾಪ್ ಸಂದೇಶ, ಇಮೇಲ್ ಎಲ್ಲವನ್ನೂ ತಾರೀಖಿನ ಕ್ರಮದಲ್ಲಿ ಮುದ್ರಿಸಿಟ್ಟುಕೊಳ್ಳಿ. ‘15 ದಿನದೊಳಗೆ ಹಣ ಮರಳಿಸಿ’ ಎಂಬ ನೋಟಿಸನ್ನು ಅಂಚೆಯಲ್ಲೂ ಇಮೇಲಿನಲ್ಲೂ ಕಳಿಸಿ. ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ, ಆಮೇಲೆ ನಿಮ್ಮ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಿ. ಅಲ್ಲಿ ವಕೀಲರಿಲ್ಲದೆ ನೀವೇ ವಾದಿಸಬಹುದು. ಕಟ್ಟಿದ ಹಣ ₹5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಆದರೆ ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಅರ್ಜಿ ಹಾಕಬೇಕು. ಈ ನಡುವೆ ‘ಇನ್ನೊಂದಿಷ್ಟು ಪ್ರಚಾರ ಶುಲ್ಕ ಕಟ್ಟಿ, ಮುಂದಿನ ವಾರವೇ ಬಿಡುಗಡೆ’ ಎಂದು ಅವರು ಮತ್ತೆ ಮಾತಾಡಿಸಿದರೆ ಒಂದು ರೂಪಾಯಿಯೂ ಕೊಡಬೇಡಿ, ಆ ಸಂದೇಶವನ್ನೂ ಕಡತಕ್ಕೆ ಸೇರಿಸಿ.