ಮಾತು ಕಡಿಮೆ ಇರುವವರು ತಂಡ ನಡೆಸಬಹುದಾ?

ನಿಮ್ಮ ಪ್ರಶ್ನೆ ಓದಿದೆ. ಶಿವಮೊಗ್ಗದಲ್ಲಿ ಡಿಗ್ರಿ ಎರಡನೇ ವರ್ಷ, ನಾಲ್ಕು ಜನರ ಮುಂದೆ ಮಾತೇ ಹೊರಡಲ್ಲ, ನಾಯಕತ್ವ ನನ್ನಂಥವರಿಗೆ ಬರುತ್ತದಾ ಅಂತ ಕೇಳಿದ್ದೀರಿ. ಬರುತ್ತದೆ. ನಾನು ಸಹ್ಯಾದ್ರಿ ಕಾಲೇಜಿನಲ್ಲಿ ಓದಿದವಳು. ಸೆಮಿನಾರ್ ಇದ್ದ ದಿನ ಬೆಳಿಗ್ಗೆ ನನಗೆ ತಿಂಡಿ ಸೇರುತ್ತಿರಲಿಲ್ಲ.

ನನ್ನನ್ನು ಬದಲಿಸಿದ್ದು ರಾಷ್ಟ್ರೀಯ ಸೇವಾ ಯೋಜನೆ, ಅಂದರೆ ಎನ್‌ಎಸ್‌ಎಸ್‌ನ 7 ದಿನದ ಶಿಬಿರ. ತೀರ್ಥಹಳ್ಳಿ ಕಡೆಯ ಒಂದು ಹಳ್ಳಿ, ಉಳಿದುಕೊಂಡಿದ್ದು ಸರ್ಕಾರಿ ಶಾಲೆಯಲ್ಲಿ. ಲೆಕ್ಕ ಚೆನ್ನಾಗಿ ಬರುತ್ತದೆ ಅಂತ ದಿನಸಿ ಪುಸ್ತಕ ನನ್ನ ಕೈಗೆ ಬಂತು. ಪಾಳಿ ಹಾಕುವ ಕೆಲಸವೂ ಜೊತೆಗೇ ಬಂತು. ಮೊದಲ ರಾತ್ರಿ ಯಾರನ್ನೂ ಕೇಳದೆ ಪಟ್ಟಿ ಬರೆದುಬಿಟ್ಟೆ. ಹುಡುಗಿಯರು ಅಡುಗೆಗೆ, ಹುಡುಗರು ಗುದ್ದಲಿಗೆ. ಬೆಳಿಗ್ಗೆ ಅರ್ಧ ಜನ ಮುನಿಸಿಕೊಂಡು ಕೂತರು. ಒಬ್ಬಳಿಗೆ ಮನೆಯ ಅಡಿಕೆ ತೋಟದಲ್ಲಿ ಮಣ್ಣು ಹೊತ್ತು ಅಭ್ಯಾಸ. ಅವಳನ್ನು ತರಕಾರಿ ಹೆಚ್ಚಲು ಕೂರಿಸಿದ್ದೆ!

ಆ ಸಂಜೆ ಒಬ್ಬೊಬ್ಬರ ಹತ್ತಿರವೂ ಹೋಗಿ ಕೂತೆ. ಏನು ಕಷ್ಟ ಅಂತ ಕೇಳಿದೆ, ಬರೆದುಕೊಂಡೆ. ಅಷ್ಟೇ, ಭಾಷಣ ಬೇಕಾಗಲಿಲ್ಲ. ಹೊಸ ಪಾಳಿಯಲ್ಲಿ ಪಾತ್ರೆ ತೊಳೆಯಲು ಮೊದಲ ಹೆಸರು ನನ್ನದೇ ಹಾಕಿದೆ. ದಿನಾ ರಾತ್ರಿ ಖರ್ಚಿನ ಲೆಕ್ಕ ಎಲ್ಲರೆದುರು ಓದಿದೆ. ನಾಲ್ಕನೇ ದಿನದಿಂದ ಏನೇ ತಕರಾರು ಬಂದರೂ ಎಲ್ಲರೂ ನನ್ನ ಹತ್ತಿರ ಬರತೊಡಗಿದರು. ಲೆಕ್ಕ ಓದುವಾಗ ದನಿ ನಡುಗುವುದೂ ಯಾವಾಗಲೋ ನಿಂತಿತ್ತು. ಹೇಳಲೇಬೇಕಾದ ವಿಷಯ ಕೈಯಲ್ಲಿದ್ದರೆ ಮಾತು ಹೊರಡುತ್ತದೆ, ಅಲ್ವಾ?

ನಮ್ಮ ಜಿಲ್ಲೆಯಲ್ಲಿ ಗೇಣಿದಾರರು ಜಮೀನುದಾರರ ವಿರುದ್ಧ ನಡೆಸಿದ ಕಾಗೋಡು ಸತ್ಯಾಗ್ರಹವನ್ನೇ ನೋಡಿ. 1951 ಅಂದರೆ ಎಲ್ಲರಿಗೂ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ನೆನಪಾಗುತ್ತಾರೆ. ಆದರೆ ಜಗಳದ ಬುಡದಲ್ಲಿದ್ದದ್ದು ಗೇಣಿ ಭತ್ತ ಅಳೆಯುವ ಕೊಳಗ, ಅಂದರೆ ಅಳತೆಯ ಪಾತ್ರೆ; ಜಮೀನುದಾರರು ದೊಡ್ಡ ಕೊಳಗದಲ್ಲಿ ಅಳೆದು ಹೆಚ್ಚು ಭತ್ತ ತಗೊಳ್ಳುತ್ತಿದ್ದರು. ಗೇಣಿದಾರರ ಆ ದೂರು ಕೇಳಿಸಿಕೊಂಡು ರೈತ ಸಂಘ ಕಟ್ಟಿದವರು ಎಚ್. ಗಣಪತಿಯಪ್ಪ. ಆ ಕೇಳಿಸಿಕೊಳ್ಳುವ ಕೆಲಸಕ್ಕೆ ನಾನು ಭಾಷಣಕ್ಕಿಂತ ಜಾಸ್ತಿ ಬೆಲೆ ಕೊಡುತ್ತೇನೆ.

ಎನ್‌ಎಸ್‌ಎಸ್‌ನಲ್ಲಿ ವರ್ಷಕ್ಕೆ 120 ಗಂಟೆ ಕೆಲಸ ಇರುತ್ತದೆ. ಅದರಲ್ಲಿ ಮೈಕ್ ಹಿಡಿಯುವ ಹೊತ್ತು ತೀರಾ ಕಡಿಮೆ. ಈ ವರ್ಷವೇ ಹೆಸರು ಕೊಡಿ. ನಿಮಗೆ ಯಾವುದು ಚೆನ್ನಾಗಿ ಬರುತ್ತದೋ, ಲೆಕ್ಕವೋ ಅಡುಗೆಯೋ ಜಗಳ ಬಿಡಿಸುವುದೋ, ಆ ಜವಾಬ್ದಾರಿಯನ್ನು ನೀವೇ ಕೇಳಿ ತಗೊಳ್ಳಿ. ಪಾಳಿ ಪಟ್ಟಿ ಹಾಕುವ ಕೆಲಸ ಸಿಕ್ಕರೆ, ಬರೆಯುವ ಮೊದಲು ಎಲ್ಲರನ್ನೂ ಒಮ್ಮೆ ಕೇಳಿ.