ಮೇ ಬಿಸಿಲಲ್ಲಿ ಅವ್ವನನ್ನು ಕರೆದುಕೊಂಡು ಬೀದರ್‌ಗೆ ಹೋಗಬಹುದಾ?

ಪ್ರಶ್ನೆ: ಅಕ್ಕಾ, ನಮ್ಮದು ಕಲಬುರಗಿ. ಮಕ್ಕಳಿಗೆ ರಜೆ, ಬೀದರ್ ಕೋಟೆ ನೋಡಬೇಕು ಅಂತ ಹಟ ಹಿಡಿದಿದ್ದಾರೆ. 70 ವರ್ಷದ ಅವ್ವನೂ ಬರುತ್ತಾಳೆ, ಅವಳಿಗೆ ಬಿಪಿ ಇದೆ. ಕಾರು 9 ವರ್ಷ ಹಳೆಯದು. ಹತ್ತು ಗಂಟೆಗೆ ಬಿಟ್ಟು ರಾತ್ರಿ ವಾಪಸ್ ಬರೋಣ ಅಂತಿದ್ದೇವೆ. ಬೇಸಿಗೆಯಲ್ಲಿ ಟೈರಿನ ಗಾಳಿ ಕಡಿಮೆ ಮಾಡಬೇಕು ಅಂತಾರೆ, ನಿಜಾನಾ?

ಉತ್ತರ: ಹೋಗಿ ಬನ್ನಿ ತಮ್ಮಾ. ಆದರೆ ಹತ್ತು ಗಂಟೆಗೆ ಮಾತ್ರ ಬೇಡ. ಆಗ ಬಿಟ್ಟರೆ ಕೋಟೆ ಮುಟ್ಟುವಾಗ ನೆತ್ತಿ ಮೇಲೆ ಬಿಸಿಲು, ಒಳಗೆ ನೆರಳು ಕಡಿಮೆ, ನಡಿಗೆ ಜಾಸ್ತಿ. ಬೆಳಗಿನ ಐದಕ್ಕೆ ಬಿಡಿ. ಹುಮನಾಬಾದ್ ಮೇಲೆ ಸುಮಾರು 110 ಕಿ.ಮೀ., ತಂಪು ಹೊತ್ತಲ್ಲೇ ಮುಟ್ಟುತ್ತೀರಿ.

ಟೈರಿನ ಗಾಳಿ ಕಡಿಮೆ ಮಾಡುವ ಮಾತು ತಪ್ಪು, ದಯವಿಟ್ಟು ನಂಬಬೇಡಿ. ಗಾಳಿ ಕಡಿಮೆಯಿದ್ದರೆ ಟೈರು ಜಾಸ್ತಿ ಮಡಚುತ್ತದೆ, ಅದರಿಂದಲೇ ಕಾದು ಒಡೆಯುತ್ತದೆ. ಡ್ರೈವರ್ ಬಾಗಿಲ ಹತ್ತಿರದ ಸ್ಟಿಕರ್‌ನಲ್ಲಿ ಎಷ್ಟು ಬರೆದಿದೆಯೋ ಅಷ್ಟೇ ಹಾಕಿಸಿ, ಅದೂ ಗಾಡಿ ಓಡುವ ಮೊದಲು, ಟೈರು ತಣ್ಣಗಿರುವಾಗ. ಸ್ಟೆಪ್ನಿಯನ್ನೂ ಮರೆಯಬೇಡಿ. ಟೈರಿನ ಪಕ್ಕದಲ್ಲಿ ನಾಲ್ಕಂಕಿ ಇರುತ್ತದೆ ನೋಡಿ, 1419 ಅಂದರೆ 2019ರ 14ನೇ ವಾರ ತಯಾರಾದದ್ದು. ಕಾರಿನ ಜೊತೆ ಬಂದ ಟೈರೇ ಇನ್ನೂ ಇದ್ದರೆ, ಮೇಲೆ ಗೆರೆ ಚೆನ್ನಾಗಿ ಕಂಡರೂ, ಹೊಸದು ಹಾಕಿಸಿಯೇ ಹೊರಡಿ. ಹಳೇ ಟೈರು ಒಡೆದು ನಾವು ಒಮ್ಮೆ ಕಮಲಾಪುರದ ಹತ್ತಿರ ಒಂದು ತಾಸು ಬಿಸಿಲಲ್ಲಿ ನಿಂತಿದ್ದೆವು, ಸಣ್ಣ ಮಗು ಜೊತೆಗಿತ್ತು. ಆ ಭಯ ನನಗಿನ್ನೂ ಹೋಗಿಲ್ಲ.

ಇಂಜಿನ್ ಬಿಸಿ ತೋರಿಸುವ ಮುಳ್ಳು ಏರಿದರೆ ಎಸಿ ಆರಿಸಿ ಪಕ್ಕಕ್ಕೆ ನಿಲ್ಲಿಸಿ. ರೇಡಿಯೇಟರ್ ಮುಚ್ಚಳ ಬಿಸಿಯಿದ್ದಾಗ ತೆಗೆಯಲೇಬೇಡಿ, ಕುದಿಯುವ ನೀರು ಮುಖಕ್ಕೇ ಚಿಮ್ಮುತ್ತದೆ.

ಅವ್ವನ ವಿಷಯ. ವಯಸ್ಸಾದವರಿಗೆ ಬಾಯಾರಿಕೆ ಬೇಗ ಗೊತ್ತಾಗಲ್ಲ, ಹಾಗಾಗಿ ಕೇಳುವ ತನಕ ಕಾಯದೆ ಸ್ವಲ್ಪ ಸ್ವಲ್ಪ ಕುಡಿಸುತ್ತಿರಿ. ಕೆಲವು ಬಿಪಿ ಮಾತ್ರೆ ಮೂತ್ರ ಜಾಸ್ತಿ ಮಾಡಿ ಮೈಯ ನೀರು ಕಳೆಯುತ್ತವೆ. ಉಪ್ಪು ಹಾಕಿದ ಮಜ್ಜಿಗೆ, ಓಆರ್‌ಎಸ್ ಎಷ್ಟು ಕೊಡಬೇಕು ಅಂತ ಅವರ ಡಾಕ್ಟರನ್ನು ಮೊದಲೇ ಕೇಳಿ. ತಲೆ ಸುತ್ತಿ ಮಾತು ತೊದಲಿದರೆ, ಮೈ ಸುಡುತ್ತಿದ್ದರೆ, ನೆರಳಿಗೆ ತಂದು ಮೈಗೆಲ್ಲ ನೀರು ಹಾಕಿ ಗಾಳಿ ಬೀಸಿ, 108ಕ್ಕೆ ಫೋನ್ ಮಾಡಿ. ಮನೆಮದ್ದು ಅಂತ ಹೊತ್ತು ಕಳೆಯಬೇಡಿ. ಒಂದೇ ನಿಮಿಷ ಅಂತ ಅವ್ವನನ್ನೋ ಮಕ್ಕಳನ್ನೋ ಮುಚ್ಚಿದ ಕಾರಲ್ಲಿ ಬಿಟ್ಟು ಇಳಿಯಬೇಡಿ.

ಬೀದರ್‌ನಲ್ಲಿ ರೂಮ್ ಮಾಡಿಕೊಂಡು ಹನ್ನೊಂದರಿಂದ ನಾಲ್ಕರವರೆಗೆ ಮಲಗಿ. ಝರಣಿ ನರಸಿಂಹನ ಗುಹೆಯಲ್ಲಿ ಎದೆಮಟ್ಟದ ನೀರಲ್ಲಿ ನಡೆಯಬೇಕು, ಅವ್ವ ಹೊರಗೇ ಕೂರಲಿ. ಸಂಜೆ ಅಷ್ಟೂರಿಗೆ ಹೋಗಿ, ಬಹಮನಿ ಸುಲ್ತಾನರ ಗುಮ್ಮಟಗಳು ಇಳಿಬಿಸಿಲಲ್ಲಿ ಎಷ್ಟು ಚೆಂದ ಗೊತ್ತಾ! ನೌಬಾದ್‌ನ ಕರೇಜ್ ಮಕ್ಕಳಿಗೆ ತೋರಿಸಿ. ಕೆಂಪು ಕಲ್ಲು ಸೋಸಿ ಕೊಡುವ ನೀರನ್ನು ನೆಲದೊಳಗಿನ ಕಾಲುವೆಯಲ್ಲಿ ಊರಿಗೆ ತಂದಿದ್ದರು ಅಂತ ಹೇಳಿ, ಇಂಥ ಬಿಸಿಲಲ್ಲಿ ಅದರ ಬೆಲೆ ಅವರಿಗೆ ತಾನೇ ತಿಳಿಯುತ್ತದೆ.

ರಾತ್ರಿ ದಣಿದು ಗಾಡಿ ಓಡಿಸಬೇಡಿ, ಅಲ್ಲೇ ಉಳಿದು ಮರುದಿನ ನಸುಕಿನಲ್ಲಿ ಹೊರಡಿ. ದಾರಿಯಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣು ಸಿಕ್ಕರೆ ಅವ್ವನಿಗೆ ತಗೊಳ್ಳಿ.